ದಾರಿಯಲ್ಲಿ ಗಾಡಿ ನಿಲ್ಲಿಸಿದವರು

ದರೋಜಿ, ಸಂಡೂರು ತಾಲ್ಲೂಕು

ಪ್ರೀತಿಯ ಮಗಳೇ,

   

ನೀನು ಬೈಕು ಕೊಂಡ ಸುದ್ದಿ ಕೇಳಿ ಖುಷಿಯಾಯಿತು. ನಿಮ್ಮಪ್ಪನಿಗೆ ಖುಷಿಗಿಂತ ಗಾಬರಿ ಜಾಸ್ತಿ ಆಗಿದೆ. "ಅಣ್ಣಾ, ನೀನಾದ್ರೂ ಬುದ್ಧಿ ಹೇಳು, ನಿನ್ನ ಮಾತು ಕೇಳ್ತಾಳೆ" ಅಂತ ಫೋನು ಮಾಡಿದ್ದ. ಜೀವಮಾನವೆಲ್ಲ ಬಸ್ಸಿನ ಸ್ಟೇರಿಂಗ್ ಹಿಡಿದು ಅನ್ನ ತಿಂದ ನಾನು, ಗಾಡಿ ಬೇಡ ಅಂತ ಯಾರಿಗೆ ಹೇಳಲಿ? ದೀಪಾವಳಿ ರಜೆಗೆ ನೀವು ಗೆಳತಿಯರೆಲ್ಲ ಬೈಕಿನಲ್ಲೇ ಬಂದು ಹಂಪಿ, ಸಂಡೂರು, ಕಂಪ್ಲಿ ಸುತ್ತುತ್ತೀರಂತೆ. ಬನ್ನಿ. ಮನೆ ನಿಮ್ಮದೇ. ನಮ್ಮ ಕಟ್ಟೆಯ ದೋಸ್ತರಿಂದ ಹಳೆಯ ಗಾಡಿ ಕತೆಗಳನ್ನು ಕೇಳಬೇಕು ಅಂದೆಯಲ್ಲ, ಅದಕ್ಕೂ ಅವರೆಲ್ಲ ತುದಿಗಾಲಿನಲ್ಲಿದ್ದಾರೆ. ಆದರೆ ಫೋನಿಡುವಾಗ ನೀನೊಂದು ಮಾತು ಅಂದೆ: "ದಾರೀಲಿ ಏನಾದ್ರೂ ಎಡವಟ್ಟಾಗದಿದ್ರೆ ಅದೂ ಒಂದು ಟ್ರಿಪ್ಪಾ ದೊಡ್ಡಪ್ಪ?" ಆ ಮಾತಿಗಾಗಿಯೇ ಈ ಕಾಗದ.

ಮೊದಲು ನಮ್ಮ ಕಟ್ಟೆಯ ಪರಿಚಯ. ಸಂಜೆ ಬಿಸಿಲು ಇಳಿಯುತ್ತಿದ್ದಂತೆ ಚಹಾದಂಗಡಿಯ ಮುಂದಿನ ಬೇವಿನ ಮರದ ಕೆಳಗೆ ಒಬ್ಬೊಬ್ಬರಾಗಿ ಸೇರುತ್ತೇವೆ. ಲಾರಿ ಓಡಿಸುತ್ತಿದ್ದವನೊಬ್ಬ, ನಿವೃತ್ತ ಮೇಷ್ಟ್ರು, ಕರೆಂಟಿನ ಲೈನ್‌ಮನ್ ಆಗಿದ್ದವನು, ಪಂಚರ್ ಅಂಗಡಿಯ ಚಾಚಾ, ಕಂಪ್ಲಿ ಕಡೆಗೆ ಗದ್ದೆ ಇರುವ ರೈತ, ಮತ್ತೆ ನಾನು. ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಂದ ಮೇಲೆ ಮಳೆ, ರೇಟು, ರಾಜಕೀಯ ಒಂದು ಸುತ್ತು ಮುಗಿಯುತ್ತದೆ. ಆಮೇಲೆ ಯಾರಾದರೂ "ಅವತ್ತು ಗಾಡಿ ಕೈ ಕೊಟ್ಟಿತ್ತಲ್ಲ" ಅಂದರೆ ಸಾಕು, ಎಲ್ಲರೂ ಕುಂತಲ್ಲೇ ಮುಂದಕ್ಕೆ ಸರಿಯುತ್ತಾರೆ.

ಇದು ಕತೆ ಹೇಳುವವರ ಊರು, ನಿನಗೆ ಗೊತ್ತಲ್ಲ. ಬುರ್ರಕಥಾ ಈರಮ್ಮ ನಮ್ಮೂರಿನವರು. ಊರೂರು ನಡೆದು, ಹಾಡಿ, ಕತೆ ಹೇಳಿ ಬದುಕಿದ ಅಲೆಮಾರಿ ಕುಲದ ಹೆಣ್ಣುಮಗಳು. ಓದು ಬರಹ ಬಾರದಿದ್ದರೂ ರಾತ್ರಿಗಟ್ಟಲೆ ಹಾಡುವ ಮಹಾಕಾವ್ಯಗಳು ಅವರ ಬಾಯಲ್ಲಿದ್ದವು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. 2014ರ ಆಗಸ್ಟ್‌ನಲ್ಲಿ ತೀರಿಕೊಂಡರು. ಬುರ್ರಕಥೆಯಲ್ಲಿ ಒಬ್ಬರೇ ಕತೆ ಹೇಳುವುದಿಲ್ಲ. ಮುಖ್ಯ ಹಾಡುಗಾರರು ಒಂದು ಸಾಲು ಎತ್ತಿದರೆ ಪಕ್ಕದವರು ದನಿಗೂಡಿಸುತ್ತಾರೆ, ನಡುವೆ ಪ್ರಶ್ನೆ ಕೇಳುತ್ತಾರೆ, ಕತೆಯನ್ನು ಮುಂದಕ್ಕೆ ದೂಡುತ್ತಾರೆ. ನಮ್ಮ ಕಟ್ಟೆಯ ಮಾತುಕತೆಯೂ ಹಾಗೆಯೇ. ಮೇಷ್ಟ್ರು ಕತೆ ಶುರುಮಾಡಿದರೆ ಚಾಚಾ "ಆಗ ಪ್ಲಗ್ ಬಿಚ್ಚಿ ನೋಡಿದ್ರೇನು?" ಎನ್ನುತ್ತಾನೆ. ಲೈನ್‌ಮನ್ "ಹೋದ ಸಲ ಹೇಳುವಾಗ ರಾತ್ರಿ ಎಂಟು ಗಂಟೆ ಇತ್ತು, ಈಗ ಹನ್ನೆರಡು ಹೆಂಗಾತು?" ಎಂದು ಕಾಲೆಳೆಯುತ್ತಾನೆ. ಅಷ್ಟರಲ್ಲಿ ಇನ್ನೊಂದು ಸುತ್ತು ಚಹಾ ಬರುತ್ತದೆ.

ಮೇಷ್ಟ್ರ ಕತೆ ಸಂಡೂರು ದಾರಿಯದು. ಅವರದು ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಜಾವಾ, ಯೆಜ್ಡಿ ಎರಡೂ ಅಲ್ಲಿಯವೇ. ಆ ಗಾಡಿಯಲ್ಲಿ ಗೇರು ಹಾಕುವ ಸನ್ನೆಯೇ ಕಿಕ್ ಹೊಡೆಯುವ ಸನ್ನೆ. ಹಿಂದಕ್ಕೆ ತಿರುಗಿಸಿದರೆ ಕಿಕ್, ಮುಂದಕ್ಕೆ ಮಡಿಸಿದರೆ ಗೇರು. ಗೊತ್ತಿಲ್ಲದವರು ಆ ಗಾಡಿ ಚಾಲೂ ಮಾಡಲು ಹೋಗಿ ಪೇಚಿಗೆ ಬೀಳುವುದನ್ನು ನೋಡುವುದೇ ಆಗ ನಮಗೆಲ್ಲ ಒಂದು ಮೋಜು. ಒಂದು ಸಲ ಮಳೆಗಾಲದಲ್ಲಿ ಮೇಷ್ಟ್ರು ಕುಮಾರಸ್ವಾಮಿ ಗುಡಿಗೆ ಹೋಗಿ ವಾಪಸು ಬರುವಾಗ ಗುಡ್ಡದ ಇಳಿಜಾರಿನಲ್ಲಿ ಕ್ಲಚ್ ವೈರು ಕಿತ್ತಿತು. ಹಿಂದೆ ಅವರ ಹೆಂಡತಿ, ಮಡಿಲಲ್ಲಿ ಮಗು. ಕತ್ತಲು ಬೇರೆ. ಮೇಲಿನಿಂದ ಬಂದ ಅದಿರು ಲಾರಿಯೊಂದು ಹತ್ತು ಮಾರು ಮುಂದೆ ಹೋಗಿ ನಿಂತಿತು. ಅದರ ಕ್ಲೀನರ್ ಹುಡುಗ ಇಳಿದು ಬಂದ. ವೈರಿನ ತುದಿಯ ಗುಂಡು ಕಳಚಿಹೋಗಿತ್ತು. ಸೈಕಲ್ ಬ್ರೇಕಿನ ಸಣ್ಣ ಬೋಲ್ಟೊಂದು ಅವನ ಟೂಲ್ಸ್ ಡಬ್ಬಿಯಲ್ಲಿ ಸಿಕ್ಕಿತು. ಅದರಲ್ಲಿ ತಂತಿ ಪೋಣಿಸಿ ಬಿಗಿದು, ಹಿಡಿಗೆ ಸಿಕ್ಕಿಸಿ, "ಊರು ಮುಟ್ಟೋತನ ನಡೀತೈತಿ ಸಾರ್, ಮೆಲ್ಲಕ ಹೋಗ್ರಿ" ಅಂದ. ಲಾರಿ ಅವರ ಹಿಂದೆಯೇ ಲೈಟು ಬಿಟ್ಟುಕೊಂಡು ಸಂಡೂರಿನವರೆಗೆ ಬಂತು. ಮೇಷ್ಟ್ರು ಈ ಕತೆಯಲ್ಲಿ ಮಳೆಯನ್ನು ವರ್ಷ ವರ್ಷ ಜೋರು ಮಾಡುತ್ತಾರೆ. ಕ್ಲೀನರ್ ಹುಡುಗನ ಮಾತು ಮಾತ್ರ ಒಂದಕ್ಷರ ಬದಲಾಗಿಲ್ಲ.

ಲೈನ್‌ಮನ್ನನದು ಕರಡಿ ಕತೆ. ದರೋಜಿಯವರಿಗೆ ಕರಡಿ ಕತೆ ಇಲ್ಲದಿದ್ದರೆ ಹೇಗೆ? 1994ರಲ್ಲಿ ಇಲ್ಲಿಯ ಕಲ್ಲುಗುಡ್ಡಗಳ ಕುರುಚಲು ಕಾಡನ್ನು ಕರಡಿಧಾಮ ಎಂದು ಘೋಷಿಸಿದರು. ಮುಂದೆ ಅದನ್ನು ಹಿಗ್ಗಿಸಿ 82 ಚದರ ಕಿಲೋಮೀಟರಿಗಿಂತ ಹೆಚ್ಚು ಮಾಡಿದರು. ಮಧ್ಯಾಹ್ನ ಕರಡಿಕಲ್ಲು ಗುಡ್ಡದ ಬಂಡೆಗೆ ಬೆಲ್ಲದ ಪಾಕ ಬಳಿಯುತ್ತಾರೆ, ಸಂಜೆ ಕರಡಿಗಳು ಇಳಿದು ಬರುತ್ತವೆ. ಎದುರಿನ ವೀಕ್ಷಣಾ ಗೋಪುರದಿಂದ ಅದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಆದರೆ ಕರಡಿಗೆ ಬೇಲಿ, ಗಡಿ ತಿಳಿಯುವುದಿಲ್ಲ. ಶೇಂಗಾ, ಮೆಕ್ಕೆಜೋಳದ ಹೊಲಕ್ಕೂ ಬರುತ್ತದೆ, ರಸ್ತೆಯನ್ನೂ ದಾಟುತ್ತದೆ. ನಮ್ಮವನು ಕೆಲಸ ಮುಗಿಸಿ ಮೊಪೆಡ್ಡಿನಲ್ಲಿ ಬರುವಾಗ ಮುಸ್ಸಂಜೆ. ತಿರುವಿನಾಚೆ ತಾಯಿ ಕರಡಿ, ಬೆನ್ನ ಮೇಲೆ ಎರಡು ಮರಿ. ಕರಡಿಗೆ ಕಣ್ಣು ಕಿವಿ ಎರಡೂ ಅಷ್ಟು ಚುರುಕಲ್ಲ, ಮೂಗು ಮಾತ್ರ ಬಲು ಚುರುಕು. ಹತ್ತಿರ ಹೋಗುವವರೆಗೆ ಅದಕ್ಕೆ ನಾವು ಗೊತ್ತಾಗುವುದಿಲ್ಲ, ಗೊತ್ತಾದಾಗ ಬೆದರಿ ಮೈಮೇಲೆ ಬೀಳುತ್ತದೆ. ಇವನು ದೂರದಲ್ಲೇ ನಿಂತ. ಇಂಜಿನ್ ಬಂದ್ ಮಾಡಲಿಲ್ಲ, ಹಾರ್ನ್ ಹೊಡೆಯಲಿಲ್ಲ. ಹಿಂದಿನಿಂದ ಹಾಲಿನ ಕ್ಯಾನು ಕಟ್ಟಿಕೊಂಡ ಇನ್ನೊಬ್ಬ ಬಂದ. ಅವನು ಪಕ್ಕದಲ್ಲಿ ದಾಟಿಹೋಗಬಹುದಿತ್ತು, ಹೋಗಲಿಲ್ಲ. ಗಾಡಿ ಸಾಲಾಗಿ ನಿಲ್ಲಿಸಿ ಜತೆಗೇ ನಿಂತ. ಕರಡಿ ನಿಧಾನಕ್ಕೆ ರಸ್ತೆ ದಾಟಿ ಪೊದೆಯೊಳಗೆ ಹೋಯಿತು. ಅಷ್ಟೇ ಕತೆ. ಆದರೆ ಕಟ್ಟೆಯಲ್ಲಿ ಆ ಕರಡಿ ಈಗ ಎಮ್ಮೆಯಷ್ಟು ಬೆಳೆದು ನಿಂತಿದೆ.

ನಮ್ಮ ಈ ಸೀಮೆಯಲ್ಲಿ ದಾರಿಯ ಸಾಹಸ ಹೊಸದೇನಲ್ಲ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ಕಾಲದಲ್ಲಿ ಹಂಪಿಗೆ ಬಂದಾಗ, ಆನೆಗೊಂದಿಗೆ ಹೋಗುವ ಜನ ಬುಟ್ಟಿಯಂತೆ ದುಂಡಗಿರುವ, ಚರ್ಮ ಹೊದಿಸಿದ ದೋಣಿಗಳಲ್ಲಿ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಬೇಕಾದರೆ ಕುದುರೆ, ಎತ್ತುಗಳನ್ನೂ ಅದರಲ್ಲಿ ದಾಟಿಸುತ್ತಿದ್ದರಂತೆ. ನಮ್ಮ ಪ್ರಾಯದಲ್ಲಿ ತಳವಾರಘಟ್ಟದ ಹರಿಗೋಲುಗಳಲ್ಲಿ ಕುದುರೆಯ ಜಾಗಕ್ಕೆ ಮೋಟಾರ್ ಸೈಕಲ್ ಬಂದಿತ್ತು, ಅಷ್ಟೇ ವ್ಯತ್ಯಾಸ. ಬೈಕನ್ನು ನಾಲ್ಕು ಜನ ಎತ್ತಿ ಒಳಗಿಡುವುದು, ಅಂಬಿಗ ಹುಟ್ಟು ಹಾಕುವಾಗ ಹರಿಗೋಲು ಗಿರಗಿರ ತಿರುಗುವುದು, ಬೈಕಿನ ಯಜಮಾನ ಹ್ಯಾಂಡಲ್ ಹಿಡಿದು ದೇವರ ನೆನೆಯುವುದು, ಆಚೆ ದಡ ಮುಟ್ಟಿದ ಮೇಲೆ ಏನೂ ಆಗದವರಂತೆ ಬಾಚಣಿಗೆ ತೆಗೆದು ಕ್ರಾಪು ತೀಡಿಕೊಳ್ಳುವುದು! ಅಲ್ಲಿ ಕಟ್ಟಲು ಹೊರಟ ಸೇತುವೆ ಹಂಪಿಯ ಸ್ಮಾರಕಗಳ ಕಾರಣಕ್ಕೆ ವರ್ಷಾನುಗಟ್ಟಲೆ ನಿಂತು, ಕೆಲಸ ಮತ್ತೆ ಶುರುವಾದ ಮೇಲೆ 2009ರ ಜನವರಿಯಲ್ಲಿ ಕುಸಿದು ಬಿತ್ತು. ಕೂಲಿಕಾರರು ಸತ್ತರು. ಈಗ ಬುಕ್ಕಸಾಗರದಿಂದ ಕಡೇಬಾಗಿಲಿಗೆ ಬೇರೆ ಸೇತುವೆ ಇದೆ. ಆನೆಗೊಂದಿಗೆ ನೀವು ಅದರ ಮೇಲೆ ಹಾಯಾಗಿ ಹೋಗಬಹುದು.

ಹೊಳೆಯ ಮಾತು ಬಂದರೆ ರೈತ ದೋಸ್ತನ ಸರದಿ. ತುಂಗಭದ್ರಾ ಅಣೆಕಟ್ಟಿನಿಂದ ಜಾಸ್ತಿ ನೀರು ಬಿಟ್ಟಾಗಲೆಲ್ಲ ಕಂಪ್ಲಿ–ಗಂಗಾವತಿ ನಡುವಿನ ಹಳೆಯ ಸೇತುವೆ ಮುಳುಗುತ್ತದೆ. ಪೊಲೀಸರು ಅಡ್ಡ ಬ್ಯಾರಿಕೇಡ್ ಇಡುತ್ತಾರೆ. ಜನ ಅದನ್ನು ದಾಟಿ ಹೋಗಿ ನೀರು ನೋಡುತ್ತಾರೆ. ಹಿಂದೊಮ್ಮೆ ಸೇತುವೆಯ ಮೇಲೆ ನೀರು ಆಗಷ್ಟೇ ಹತ್ತಿತ್ತು. "ಮೊಣಕಾಲುದ್ದ ಐತಿ, ದಾಟ್ತೀನಿ" ಅಂತ ಪ್ರಾಯದ ಹುಡುಗನೊಬ್ಬ ಟ್ರ್ಯಾಕ್ಟರ್ ಇಳಿಸಿಯೇಬಿಟ್ಟ. ನಡುವೆ ಹೋಗುವಾಗ ಟ್ರೇಲರ್ ಪಕ್ಕಕ್ಕೆ ಜಗ್ಗಿತು. ದಡದಲ್ಲಿದ್ದ ಮೀನುಗಾರರು ಹಗ್ಗ ಎಸೆದು ಅವನನ್ನು ಎಳೆದುಕೊಂಡರು. ಟ್ರೇಲರ್ ಹೊಳೆಯ ಪಾಲಾಯಿತು. ಹರಿಯುವ ನೀರಿನ ಲೆಕ್ಕ ನಮ್ಮ ಅಂದಾಜಿಗೆ ಸಿಗುವಂಥದ್ದಲ್ಲ, ಮಗಳೇ. ಒಂದಡಿ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. ಎರಡಡಿ ನೀರಿಗೆ ಜೀಪೂ ನಿಲ್ಲುವುದಿಲ್ಲ. ಬೈಕಿನ ಮಾತೇ ಬೇಡ. ಆ ಹುಡುಗ ಈಗ ಮಕ್ಕಳೊಂದಿಗ. ಕಟ್ಟೆಗೆ ಬಂದರೆ ಈ ಕತೆಯನ್ನು ತಾನೇ ನಗುತ್ತ ಹೇಳುತ್ತಾನೆ.

ಇಲ್ಲಿಯವರೆಗೆ ಓದಿದವಳಿಗೆ ನಿನ್ನ ಮಾತೇ ಸರಿ ಅನ್ನಿಸಬಹುದು. ಎಡವಟ್ಟು ಆಗಿದ್ದಕ್ಕೇ ಇಷ್ಟು ಕತೆ, ಇಷ್ಟು ನಗು. ಆದರೆ ಕಟ್ಟೆಯಲ್ಲಿ ಕಡಿಮೆ ಮಾತಾಡುವವನೊಬ್ಬ ಇದ್ದಾನೆ. ಎಲ್ಲರಿಗಿಂತ ಜಾಸ್ತಿ ರಸ್ತೆ ಕಂಡವನು ಅವನೇ, ನಮ್ಮ ಲಾರಿ ದೋಸ್ತ.

ಅವನು ಅದಿರು ಸಾಗಿಸುತ್ತಿದ್ದ. ಚೀನಾಕ್ಕೆ ಅದಿರು ಬೇಕಾಗಿದ್ದ ಆ ವರ್ಷಗಳಲ್ಲಿ ಸಂಡೂರು, ಹೊಸಪೇಟೆಯ ರಸ್ತೆಗಳು ಹೇಗಿದ್ದವು ಅಂತ ನಿನಗೆ ನೆನಪಿರಲಿಕ್ಕಿಲ್ಲ, ನೀನಾಗ ಚಿಕ್ಕವಳು. ಮರದ ಎಲೆ, ಮನೆಯ ಗೋಡೆ, ದನದ ಮೈ ಎಲ್ಲ ಕೆಂಪು. ಲಾರಿಗಳ ಸಾಲಿಗೆ ತುದಿಮೊದಲಿರಲಿಲ್ಲ. ಇಲ್ಲಿಂದ ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲದ ಹತ್ತಿರದ ಬೇಲೆಕೇರಿ ಬಂದರಿಗೆ ಹೋಗಬೇಕು. ಟ್ರಿಪ್ಪಿಗೆ ಇಷ್ಟು ಅಂತ ದುಡ್ಡು. ಟ್ರಿಪ್ಪು ಹೆಚ್ಚಾದಷ್ಟೂ ದುಡ್ಡು, ಲೋಡು ಹೆಚ್ಚಾದಷ್ಟೂ ದುಡ್ಡು. ಹಾಗಾಗಿ ನಿದ್ದೆಯನ್ನೇ ಕಡಿತ ಮಾಡಿಕೊಂಡರು. ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಬಂತು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು, ಲಾರಿಗಳು ಸಾಲುಸಾಲಾಗಿ ಬಯಲಲ್ಲಿ ತುಕ್ಕು ಹಿಡಿದು ನಿಂತವು. ಸಾಲ ಮಾಡಿ ಲಾರಿ ಕೊಂಡವರ ಪಾಡು ಬೇರೆಯೇ ಕತೆ.

ಒಂದು ಸಂಜೆ ನಾವೆಲ್ಲ ಟ್ರ್ಯಾಕ್ಟರಿನ ಕತೆಗೆ ಬಿದ್ದು ಬಿದ್ದು ನಗುತ್ತಿದ್ದಾಗ ಲಾರಿ ದೋಸ್ತ ಅಂದ: "ಈ ಕಟ್ಟಿಗೆ ಬಂದು ಕತಿ ಹೇಳೋರು ಎಲ್ರೂ ಉಳಕೊಂಡೋರು. ನನ್ನ ಜೋಡಿ ಲಾರಿ ಹೊಡೆದ ಮೂರು ಮಂದಿ ಇಲ್ಲಿ ಬಂದು ಕುಂತ್ರ, ಬ್ಯಾರೆ ಕತಿ ಹೇಳ್ತಿದ್ರು." ಒಬ್ಬ ಘಟ್ಟದಲ್ಲಿ ಬ್ರೇಕು ಹಿಡಿಯದೆ ಹೋದ. ಒಬ್ಬ ನಿದ್ದೆಗಣ್ಣಿನಲ್ಲಿ ನಿಂತ ಲಾರಿಗೆ ಗುದ್ದಿದ. ಇನ್ನೊಬ್ಬ ಟೈರು ಬದಲಿಸುತ್ತ ರಸ್ತೆ ಬದಿ ಕುಂತಿದ್ದಾಗ ಹಿಂದಿನಿಂದ ಬಂದವರು ನೋಡಲಿಲ್ಲ. ಇವರಲ್ಲಿ ಯಾರೂ ಸಾಹಸ ಮಾಡಲು ಹೊರಟವರಲ್ಲ. ಹೊಟ್ಟೆಪಾಡಿಗೆ ಹೊರಟವರು.

ಆ ಮಾತು ಕೇಳಿದಂದಿನಿಂದ ಕಟ್ಟೆಯ ಕತೆಗಳನ್ನು ನಾನು ಬೇರೆ ಕಿವಿಯಿಂದ ಕೇಳುತ್ತೇನೆ. ಎರಡು ಸಂಗತಿ ಕಾಣುತ್ತವೆ. ಒಂದು, ನಾವೆಲ್ಲ ಕತೆಯನ್ನು ನಡುವಿನಿಂದ ಶುರುಮಾಡುತ್ತೇವೆ. "ಕ್ಲಚ್ ವೈರು ಕಿತ್ತಿತು" ಎಂಬಲ್ಲಿಂದ. ಆ ವೈರಿನ ಎಳೆಗಳು ಹದಿನೈದು ದಿನದಿಂದ ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು, ಹಿಡಿ ಬಿಗಿಯಾಗಿ ಮೊದಲೇ ಸೂಚನೆ ಕೊಟ್ಟಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ. ಚಾಚಾನ ಅಂಗಡಿಗೆ ಬರುವ ಟೈರುಗಳಲ್ಲಿ ಎಷ್ಟೋ ಬೋಳು ಟೈರುಗಳು. "ಮೊಳೆ ಬಡಿದಿದ್ದು ಇವತ್ತು, ಟೈರು ಸತ್ತಿದ್ದು ಹೋದ ವರ್ಷ" ಅನ್ನುತ್ತಾನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಅದೂ ಚೈನು ತುಂಡಾಗಿಯೇ. ಅಷ್ಟು ದೊಡ್ಡ ಗೇಟು ಚೈನನ್ನು ನಂಬಿ ನಿಂತಿತ್ತು. ನಿನ್ನ ಬೈಕಿನ ಚೈನಿಗೆ ಎಣ್ಣೆ ಯಾವಾಗ ಬಿಟ್ಟೆ? ಈ ಸಾಲು ಓದಿದ ಕೂಡಲೇ ಹೋಗಿ ನೋಡು.

ಇನ್ನೊಂದು ಸಂಗತಿ ಮುಖ್ಯ. ನಗುತ್ತ ಮುಗಿಯುವ ಪ್ರತಿ ಕತೆಯಲ್ಲೂ ಹೆಸರು ಗೊತ್ತಿಲ್ಲದ ಒಬ್ಬ ಇದ್ದಾನೆ. ಕ್ಲೀನರ್ ಹುಡುಗ, ಹಾಲಿನವನು, ಹಗ್ಗ ಎಸೆದ ಮೀನುಗಾರ. ಅವರು ತಮ್ಮ ಕೆಲಸ ಬಿಟ್ಟು ನಿಂತರು. ಮೇಷ್ಟ್ರ ಕತೆಯಲ್ಲಿ ಆ ಲಾರಿ ನಿಲ್ಲದಿದ್ದರೆ? ಇಳಿಜಾರು, ಮಳೆ, ಕತ್ತಲು, ಮಡಿಲಲ್ಲಿ ಮಗು. ಅದೇ ರಾತ್ರಿ ಬೇರೆ ಥರ ಮುಗಿಯಬಹುದಿತ್ತು, ಆಗ ಆ ಕತೆ ಹೇಳಲು ಮೇಷ್ಟ್ರೇ ಇರುತ್ತಿರಲಿಲ್ಲ. ಎಡವಟ್ಟನ್ನು ನಗುವ ಕತೆ ಮಾಡಿದ್ದು ಸವಾರನ ಧೈರ್ಯವಲ್ಲ, ದಾರಿಯಲ್ಲಿ ನಿಂತವರ ದೊಡ್ಡತನ. ನೀನು ಬೇಕು ಅಂದ ಎಡವಟ್ಟಿನ ಬಗ್ಗೆ ನನಗೆ ಹೇಳಬೇಕಾಗಿದ್ದುದು ಇಷ್ಟೇ: ಅದನ್ನು ಬಯಸಬೇಡ, ಆದರೆ ಬೇರೆಯವರಿಗೆ ಆದಾಗ ನಿಲ್ಲುವವಳಾಗು.

ನಿಲ್ಲುವ ಮಾತು ಬಂದಾಗ ನನಗೆ ನೆನಪಾಗುವುದು ನೆಲಮಂಗಲ. ಬೆಂಗಳೂರಿನಿಂದ ನೀವು ಬರುವ ದಾರಿಯಲ್ಲೇ ಅದು ಸಿಗುತ್ತದೆ. 2016ರ ಫೆಬ್ರವರಿಯಲ್ಲಿ ಅಲ್ಲಿಗೆ ಹತ್ತಿರದ ಹೆದ್ದಾರಿಯಲ್ಲಿ ಹರೀಶ್ ಎಂಬ ಯುವಕನ ಬೈಕಿಗೆ ಲಾರಿ ಗುದ್ದಿತು. ದೇಹ ಎರಡು ತುಂಡಾದ ಆ ಹೊತ್ತಿನಲ್ಲೂ ಅವನು ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡ. ಅವನ ಕಣ್ಣುಗಳನ್ನು ದಾನ ಮಾಡಲಾಯಿತು. ಮರುತಿಂಗಳೇ ರಾಜ್ಯ ಸರ್ಕಾರ ಅವನ ಹೆಸರಿನಲ್ಲಿ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ತಂದಿತು. ಅಪಘಾತದಲ್ಲಿ ಗಾಯಗೊಂಡವರಿಗೆ, ಯಾವ ಊರಿನವರೇ ಆಗಲಿ, ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗಿನ ಖರ್ಚನ್ನು ಸರ್ಕಾರ ಭರಿಸುವ ಯೋಜನೆ ಅದಾಗಿತ್ತು.

"ನಿಂತರೆ ಪೊಲೀಸು, ಕೋರ್ಟು ಅಂತ ಅಲೆಯಬೇಕಾಗುತ್ತದೆ" ಎನ್ನುವ ಹೆದರಿಕೆ ನಮ್ಮ ಕಾಲದಲ್ಲಿ ಇತ್ತು, ಸುಳ್ಳೂ ಆಗಿರಲಿಲ್ಲ. ಈಗ ಕಾನೂನು ಬದಲಾಗಿದೆ. 2016ರಲ್ಲಿ ಸುಪ್ರೀಂ ಕೋರ್ಟ್ ನೆರವಿಗೆ ಬಂದವರಿಗೆ ರಕ್ಷಣೆ ಕೊಡುವ ಮಾರ್ಗಸೂಚಿಗಳನ್ನು ಎತ್ತಿಹಿಡಿಯಿತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ 134ಎ ಎಂಬ ಕಲಮು ಸೇರಿತು. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಕ್ರಮವನ್ನೂ ಜರುಗಿಸುವಂತಿಲ್ಲ. ಹೆಸರು, ವಿಳಾಸ ಹೇಳಲೇಬೇಕೆಂಬ ಬಲವಂತವೂ ಇಲ್ಲ. ಗಾಯವಾದ ಮೊದಲ ಒಂದು ಗಂಟೆಯನ್ನು ಅದೇ ಕಾಯ್ದೆ ಸುವರ್ಣ ಗಂಟೆ ಎಂದು ಕರೆದಿದೆ. ಆ ಗಂಟೆಯಲ್ಲಿ ಸ್ಥಳದಲ್ಲಿ ಇರುವವರು ಡಾಕ್ಟರಲ್ಲ, ನಮ್ಮ ನಿಮ್ಮಂಥವರು.

ನಿಲ್ಲುವುದಕ್ಕೂ ರೀತಿ ಇದೆ. ಬಿದ್ದ ಗಾಡಿಯ ಪಕ್ಕದಲ್ಲಿ, ರಸ್ತೆಯ ನಡುವೆ ನಿಲ್ಲಬೇಡ. ಮುಂದೆ ಹೋಗಿ, ಡಾಂಬರಿನಿಂದ ಕೆಳಗಿಳಿಸಿ, ಇಂಡಿಕೇಟರ್ ಹಾಕಿ ನಿಲ್ಲಿಸು. ನಿಮ್ಮಲ್ಲಿ ಒಬ್ಬಳು ಸಾಕಷ್ಟು ಹಿಂದಕ್ಕೆ ನಡೆದು, ರಸ್ತೆಯಂಚಿನಲ್ಲಿ ನಿಂತು, ಬರುವ ಗಾಡಿಗಳಿಗೆ ಕೈ ಮಾಡಲಿ. ಇನ್ನೊಬ್ಬಳು 108 ಅಥವಾ 112ಕ್ಕೆ ಫೋನು ಮಾಡಲಿ. ಎಲ್ಲಿದ್ದೀರಿ ಎಂಬುದನ್ನು ಕಿಲೋಮೀಟರ್ ಕಲ್ಲು ನೋಡಿ ಹೇಳಲಿ. ರಕ್ತ ಹರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು. ಉಸಿರಾಡುತ್ತಿರುವವರ ಹೆಲ್ಮೆಟ್ ಎಳೆಯಬಾರದು, ಕುತ್ತಿಗೆ ಅಲುಗಾಡಿಸಬಾರದು, ಬೆಂಕಿಯ ಭಯವಿಲ್ಲದಿದ್ದರೆ ಎತ್ತಿ ಆಚೆ ಹಾಕಲು ಹೋಗಬಾರದು. ಮೊಬೈಲ್ ಕ್ಯಾಮೆರಾ ತೆಗೆದು ನಿಂತವರಿಗೆ ಏನಾದರೂ ಒಂದು ಕೆಲಸ ಹಚ್ಚು: ನೀರು ತರಲಿ, ಜನ ಸರಿಸಲಿ. ಕೆಲಸ ಹಚ್ಚಿದರೆ ಮಂದಿ ಮಾಡುತ್ತಾರೆ. ಇದು ಬಸ್ಸಿನಲ್ಲಿ ನಾನು ಕಂಡ ಸತ್ಯ.

ಇನ್ನು ನಿಮ್ಮ ದಾರಿ. ಬೆಂಗಳೂರಿನಿಂದ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗದವರೆಗೆ ಹೆದ್ದಾರಿ 48. ಅಲ್ಲಿಂದ ಕೂಡ್ಲಿಗಿ ಮೇಲೆ ಹೊಸಪೇಟೆಗೆ ಹೆದ್ದಾರಿ 50. ಹೊಸಪೇಟೆಗೆ ಸುಮಾರು 340 ಕಿಲೋಮೀಟರ್. ರಸ್ತೆ ಚೆನ್ನಾಗಿದೆ, ಅದೇ ಅದರ ಅಪಾಯ. ನೇರ ರಸ್ತೆಯಲ್ಲಿ ಗಾಡಿಯ ಗುಂಯ್ ಶಬ್ದ ಕೇಳುತ್ತ ಕೇಳುತ್ತ ಕಣ್ಣು ತೆರೆದೇ ನಿದ್ದೆ ಹತ್ತುತ್ತದೆ. ಸುಸ್ತಾಗುವ ತನಕ ಕಾಯಬೇಡಿ, ಅದಕ್ಕೆ ಮೊದಲೇ ನಿಲ್ಲಿಸಿ. ಹಿರಿಯೂರಿನ ಹತ್ತಿರ ಊಟ ಮಾಡಿದರೆ ಹೊಟ್ಟೆ ಬಿರಿಯುವಷ್ಟು ಬೇಡ, ನಿಮ್ಮ ದೊಡ್ಡಮ್ಮ ಇಲ್ಲಿ ಬಡಿಸಲು ಕಾಯುತ್ತಿರುತ್ತಾಳೆ.

ಹೆದ್ದಾರಿ ಬಿಟ್ಟು ನಮ್ಮ ಕಡೆಯ ರಸ್ತೆಗೆ ಇಳಿದ ಮೇಲೆ ಲೆಕ್ಕವೇ ಬೇರೆ. ದೀಪಾವಳಿ ಹೊತ್ತಿಗೆ ಸುಗ್ಗಿ. ರೈತರು ಮೆಕ್ಕೆಜೋಳ, ಸಜ್ಜೆ, ನವಣೆಯನ್ನು ಡಾಂಬರು ರಸ್ತೆಯ ಮೇಲೆಯೇ ಹರವುತ್ತಾರೆ, ತೆನೆ ಹಾಸಿ ಗಾಡಿಗಳ ಗಾಲಿಯಿಂದಲೇ ಒಕ್ಕಿಸುತ್ತಾರೆ. ರಾಶಿಯ ಸುತ್ತ ಕಲ್ಲು ಇಟ್ಟಿರುತ್ತಾರೆ. ಹಗಲು ಕಾಣುವ ಕಲ್ಲು ರಾತ್ರಿ ಕಾಣುವುದಿಲ್ಲ. ಕಾಳಿನ ಮೇಲೆ ಬ್ರೇಕು ಒತ್ತಿದರೆ ಬೈಕು ಜಾರುವುದು ಖಂಡಿತ. ಕಂಪ್ಲಿ ಕಡೆ ನೀರಾವರಿ. ಗದ್ದೆಯಿಂದ ಬಂದ ಟ್ರ್ಯಾಕ್ಟರ್ ಗಾಲಿಯ ಕೆಸರು ರಸ್ತೆಯ ಮೇಲೆ ಬಿದ್ದು ಸಾಬೂನಿನಷ್ಟು ನುಣುಪಾಗಿರುತ್ತದೆ. ಕಬ್ಬು, ಭತ್ತ ಹೇರಿದ ಟ್ರೇಲರುಗಳ ಹಿಂದೆ ಕೆಂಪು ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇರುತ್ತದೆ ಎಂಬ ಭರವಸೆ ಬೇಡ. ಕತ್ತಲಲ್ಲಿ ಅದು ರಸ್ತೆಯ ನಡುವೆ ನಿಂತ ಗೋಡೆಯೇ. ಊರ ಮುಂದಿನ ಹಂಪುಗಳಿಗೆ ಬಣ್ಣ ಬಳಿದಿರುವುದಿಲ್ಲ. ಸಂಜೆ ಕುರಿಹಿಂಡು ಮನೆಗೆ ಬರುವ ಹೊತ್ತು. ಒಂದು ಕುರಿ ದಾಟಿತೆಂದು ಗಾಡಿ ಎತ್ತಬೇಡ, ಹಿಂದೆ ಇನ್ನೂ ನೂರಿರುತ್ತವೆ. ಕರಡಿಧಾಮದ ಅಂಚಿನಲ್ಲಿ ಮುಸ್ಸಂಜೆ ನಂತರ ಸುತ್ತಾಟವೇ ಬೇಡ. ಸಂಡೂರಿಗೆ ನಾನೇ ಜತೆಗೆ ಬರುತ್ತೇನೆ. ಮಳೆ ಹಿಂದಾಗಿ ಗುಡ್ಡಗಳೆಲ್ಲ ಹಸಿರಾಗಿದ್ದರೆ ನಾರಿಹಳ್ಳದ ಕಡೆಗೂ ಹೋಗೋಣ.

ಹೊರಡುವ ಮುಂಚೆ ಟೈರಿನ ಗಾಳಿ, ಬ್ರೇಕು, ಚೈನು, ಹಿಂದಿನ ಕೆಂಪು ದೀಪ ನೋಡಿಕೊಳ್ಳಿ. ಪಂಚರ್ ಕಿಟ್ಟು, ಕೈ ಪಂಪು, ಕ್ಲಚ್ ವೈರು, ಒಂದು ಸ್ಪ್ಯಾನರ್, ಟಾರ್ಚು ಇರಲಿ. ಚಾಚಾ ನಿಮಗೆ ಪಂಚರ್ ಹಾಕುವುದನ್ನು ಕಲಿಸಲು ಹಳೇ ಟೈರೊಂದನ್ನು ಈಗಲೇ ಎತ್ತಿಟ್ಟಿದ್ದಾನೆ. ಹೆಲ್ಮೆಟ್ ಐಎಸ್ಐ ಗುರುತಿನದು, ಹಿಂದೆ ಕೂತವಳಿಗೂ, ಗದ್ದದ ಪಟ್ಟಿ ಬಿಗಿದು. ಎಲ್ಲರೂ ಒಬ್ಬರ ಬಾಲ ಒಬ್ಬರು ಹಿಡಿದು ಓಡಿಸಬೇಡಿ. ನಿಧಾನಕ್ಕೆ ಓಡಿಸುವವಳು ಮುಂದಿರಲಿ, ಗಾಡಿಯ ಕೆಲಸ ಬಲ್ಲವಳು ಹಿಂದಿರಲಿ. ಮುಂದಿನ ಊರು ಬರುವವರೆಗೆ ವಿಡಿಯೋ, ಫೋನು, ರೀಲ್ಸು ಎಲ್ಲ ಬಂದ್.

ಇಷ್ಟೆಲ್ಲ ಹೇಳಿದೆನೆಂದು ದೊಡ್ಡಪ್ಪ ಹೆದರಿಸಿದ ಅಂತ ತಿಳಿಯಬೇಡ. ರಸ್ತೆಯ ಸುಖ ನನಗೆ ಗೊತ್ತು. ನಸುಕಿನಲ್ಲಿ ಬಸ್ಸಿನ ಗಾಜಿನಾಚೆ ಹಂಪಿಯ ಕಲ್ಲುಬಂಡೆಗಳ ಮೇಲೆ ಮೊದಲ ಬಿಸಿಲು ಬೀಳುವುದನ್ನು ಕಂಡವನು ನಾನು. ಆ ಸುಖ ನಿನಗೂ ಸಿಗಬೇಕು, ನಿನ್ನದೇ ಗಾಡಿಯ ಮೇಲೆ, ನಿನ್ನದೇ ಗೆಳತಿಯರ ಜತೆ. ನಿಮ್ಮಪ್ಪನಿಗೆ ನಾನು ಸಮಾಧಾನ ಹೇಳುತ್ತೇನೆ. ಅವನಿಗೆ ಹೊರಟಾಗ ಒಂದು, ಚಿತ್ರದುರ್ಗದಲ್ಲಿ ಒಂದು, ಹೊಸಪೇಟೆಯಲ್ಲಿ ಒಂದು ಫೋನು ಮಾಡಿಬಿಡು, ಸಾಕು.

ಕಟ್ಟೆಯವರಿಗೆ ಒಂದು ಹೊಸ ನಿಯಮ ಮಾಡಿದ್ದೇನೆ. ನೀವು ಬಂದ ದಿನ ಯಾರೇ ಕತೆ ಹೇಳಿದರೂ, ಅವತ್ತು ತಮಗಾಗಿ ನಿಂತವರು ಯಾರು ಎಂಬುದನ್ನು ಮೊದಲು ಹೇಳಬೇಕು. ಮೇಷ್ಟ್ರು ಒಪ್ಪಿದ್ದಾರೆ. ಕರಡಿಯ ಗಾತ್ರ ಕಡಿಮೆ ಮಾಡಲು ಲೈನ್‌ಮನ್ ಇನ್ನೂ ಒಪ್ಪಿಲ್ಲ.

ಕೊನೆಯದಾಗಿ ಒಂದು ಮಾತು. ಕತ್ತಲಾಗುವ ಮುಂಚೆ ಹೊಸಪೇಟೆ ದಾಟುವಂತಿದ್ದರೆ ಮಾತ್ರ ಮುಂದೆ ಬನ್ನಿ. ಎಲ್ಲಾದರೂ ಯಾರಿಗಾದರೂ ನೆರವಾಗಲು ನಿಂತು ತಡವಾಯಿತೆಂದರೆ, ಮಳೆ ಹಿಡಿಯಿತೆಂದರೆ, ಇಲ್ಲವೇ ಬರೀ ದಣಿವಾಯಿತೆಂದರೂ, ಚಿತ್ರದುರ್ಗದಲ್ಲೋ ಕೂಡ್ಲಿಗಿಯಲ್ಲೋ ಉಳಿದುಕೊಳ್ಳಿ. ಊಟ ಆರಿದರೆ ದೊಡ್ಡಮ್ಮ ಮತ್ತೆ ಬಿಸಿ ಮಾಡುತ್ತಾಳೆ. ಮರುದಿನ ಬಂದರೂ ದರೋಜಿ ಇಲ್ಲೇ ಇರುತ್ತದೆ.



ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ